ಫಸ್ಲಿ 1340 ಮತ್ತು ನನ್ನ ಸಹಿ

ಕಲಬುರಗಿಯಲ್ಲಿ ಜಮೀನಿನ ದಾವೆಗಳನ್ನು ನಡೆಸುವ ನನ್ನಂಥ ವಕೀಲರ ಕಚೇರಿಗೆ ನಿಜಾಮರ ಕಾಲದ ಉರ್ದು ಕಾಗದಗಳು ಇಂದಿಗೂ ಬರುತ್ತವೆ. ಕೆಲವು ವರ್ಷಗಳ ಹಿಂದೆ ಆಳಂದದ ಕಡೆಯ ಕಕ್ಷಿದಾರರೊಬ್ಬರು ತಮ್ಮ ಅಜ್ಜನ ಕ್ರಯಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದುಕೊಟ್ಟರು. ನನ್ನ ಗುಮಾಸ್ತರು ಅದರಲ್ಲಿದ್ದ 1340 ಎಂಬ ಸಂಖ್ಯೆಯನ್ನು ಹಿಜರಿ ವರ್ಷವೆಂದು ಭಾವಿಸಿ, ಮೊಬೈಲಿನಲ್ಲಿ ಲೆಕ್ಕ ಹಾಕಿ, ವಾದಪತ್ರದ ಕರಡಿನಲ್ಲಿ 1922 ಎಂದು ಬರೆದರು. ಸಂಖ್ಯೆಯ ಪಕ್ಕದಲ್ಲೇ, ತಲೆಯ ಮೇಲೆ ಒಂದು ಚುಕ್ಕೆಯಿದ್ದ ಪುಟ್ಟ ‘ಫೆ’ ಅಕ್ಷರವಿತ್ತು. ಅದು ಫಸ್ಲಿ ಸನ್ನಿನ, ಅಂದರೆ ನಿಜಾಮರ ಕಾಲದಲ್ಲಿ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷಗಣನೆಯ, ಗುರುತು. ಫಸ್ಲಿಗೆ 590 ಕೂಡಿಸಬೇಕು, ಅಂದರೆ ಖರೀದಿ ನಡೆದದ್ದು 1930-31ರಲ್ಲಿ.

ಎಂಟೊಂಬತ್ತು ವರ್ಷಗಳ ಈ ವ್ಯತ್ಯಾಸ ಸಣ್ಣದಾಗಿರಲಿಲ್ಲ. ಮಾರಿದವರ ಹೆಸರಿಗೆ ಆ ಹೊಲ ಬಂದದ್ದೇ 1927ರಲ್ಲಿ. ನಮ್ಮ ವಾದಪತ್ರವನ್ನು ನಂಬಿದರೆ ಅವರು ತಮ್ಮದಲ್ಲದ ಹೊಲವನ್ನು ಮಾರಿದಂತಾಗುತ್ತಿತ್ತು. ಎದುರು ಪಕ್ಷದ ವಕೀಲರು ಲಿಖಿತ ಹೇಳಿಕೆಯಲ್ಲಿ ಅದನ್ನೇ ಹಿಡಿದರು. ವಿಚಾರಣೆ ಇನ್ನೂ ಆರಂಭವಾಗಿರದ ಕಾರಣ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 17ರ ಅಡಿ ವಾದಪತ್ರದ ತಿದ್ದುಪಡಿಗೆ ಅನುಮತಿ ದೊರೆಯಿತು. ಆರಂಭವಾಗಿದ್ದರೆ, ತಕ್ಕ ಎಚ್ಚರ ವಹಿಸಿಯೂ ಮೊದಲೇ ತರಲಾಗಲಿಲ್ಲವೆಂದು ತೋರಿಸಬೇಕಿತ್ತು, ಅದನ್ನು ಯಾವ ಬಾಯಿಂದ ಹೇಳುತ್ತಿದ್ದೆನೋ ತಿಳಿಯದು. ವೆಚ್ಚವನ್ನು ಕಕ್ಷಿದಾರರಿಂದ ಕೇಳದೆ ನಾನೇ ಕಟ್ಟಿದೆ.

ಗುಮಾಸ್ತರನ್ನು ಕೇಳಿದಾಗ ಅವರು, “ನೀವು ಒಂದ್ಸಲ ನೋಡ್ತೀರಿ ಅಂತ ಬಿಟ್ಟಿದ್ದೆ ಸರ್” ಎಂದರು. ಇಪ್ಪತ್ತು ವರ್ಷ ಅನುಭವವಿದ್ದವರು ಬರೆದದ್ದೆಂದು ನಾನು ಓದದೆ ಸಹಿ ಹಾಕಿದ್ದೆ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ಸಮಪಾಲಿಲ್ಲ. 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಅಡಿ ವಕೀಲರ ಪರಿಷತ್ತು ದುರ್ನಡತೆಗಾಗಿ ವಕೀಲನನ್ನು ವಿಚಾರಿಸಬಹುದೇ ಹೊರತು ಗುಮಾಸ್ತನನ್ನಲ್ಲ. ಕರಡು ಯಾರದೇ ಆಗಿರಲಿ, ವಾದಪತ್ರದ ಕೆಳಗಿರುವ ವಕೀಲನ ಸಹಿ ನನ್ನದು.

ಹಾಗೆಂದು ಗುಮಾಸ್ತರ ಹೊಣೆ ಇಲ್ಲವೆಂದಲ್ಲ. ನಾನು ಕೋರ್ಟ್ ಹಾಲಿನಲ್ಲಿರುವಾಗ ಜೇವರ್ಗಿ, ಚಿತ್ತಾಪುರಗಳಿಂದ ಬಂದವರು ಅವರನ್ನೇ ಸುತ್ತುವರಿದು “ನಮ್ಮ ಕೇಸು ಏನಾಗ್ತದ?” ಎಂದು ಕೇಳುತ್ತಾರೆ. ಮುಂದಿನ ತಾರೀಖನ್ನು ಹೇಳುವುದು ಅವರ ಕೆಲಸ. ರಾಜಿಯಾಗಬೇಕೇ, ಮೇಲ್ಮನವಿ ಹಾಕಬೇಕೇ ಎಂಬುದು ಅಲ್ಲ. ಈ ಗೆರೆಯನ್ನು ಎಳೆದುಕೊಡಬೇಕಾದವನು ನಾನು, ಆದರೆ ಆ ಪ್ರಸಂಗದವರೆಗೆ ಒಮ್ಮೆಯೂ ಕೂತು ಹೇಳಿರಲಿಲ್ಲ.

ಈಗ ಪ್ರತಿ ಕರಡನ್ನೂ ಮೂಲ ದಾಖಲೆ ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ಉರ್ದು ಕಾಗದವಿದ್ದರೆ ಬಲ್ಲವರಿಂದ ಅನುವಾದ ಮಾಡಿಸುತ್ತೇನೆ. ಅದಕ್ಕೆ ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ, ಕಕ್ಷಿದಾರರು ಗೊಣಗುತ್ತಾರೆ. ಕಳೆದ ವಾರ ಮೇಜಿನ ಮೇಲಿದ್ದ ಫೈಲು ತೆರೆದಾಗ, ಹಳೆಯ ಪಹಣಿಯೊಂದಕ್ಕೆ ಗುಮಾಸ್ತರು ಸಣ್ಣ ಚೀಟಿ ಸಿಕ್ಕಿಸಿದ್ದರು. ಪೆನ್ಸಿಲಿನಲ್ಲಿ ಬರೆದಿದ್ದರು: “ಸಾಲು 3, ಓದಲಿಕ್ಕೆ ಬಂದಿಲ್ಲ.”