ಮಗಳ ಮೊದಲ ಹೆಜ್ಜೆ ಹಾಲಿನ ಲೆಕ್ಕದ ಪಕ್ಕದಲ್ಲಿದೆ

"ಇಬ್ಬರೂ ಬೆಳಿಗ್ಗೆ ಹೊರಟರೆ ಸಂಜೆಯೇ ಮನೆಗೆ ಬರೋದು, ಮಗಳು ಯಾವಾಗ ಕೂತಳು, ಯಾವಾಗ ನಡೆದಳು ಅಂತೆಲ್ಲ ಅಷ್ಟು ಸರಿಯಾಗಿ ಹೇಗೆ ಹೇಳ್ತೀಯೇ?" ಶಿವಮೊಗ್ಗದ ಆಫೀಸಿನಲ್ಲೂ ಇದೇ ಪ್ರಶ್ನೆ, ತೀರ್ಥಹಳ್ಳಿ ಕಡೆ ಮದುವೆಮನೆಗೆ ಹೋದರೂ ಇದೇ.

ಗೋಡೆ ಕ್ಯಾಲೆಂಡರ್, ಅಷ್ಟೇ. ಅಡುಗೆಮನೆಯಲ್ಲಿ ನೇತಾಡುತ್ತದಲ್ಲ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವುದು, ಅದೇ. ಅರ್ಧ ಲೀಟರ್ ಜಾಸ್ತಿ ಅಂತ ಬರೆದ ಚೌಕದಲ್ಲೇ "ಎರಡು ಹೆಜ್ಜೆ, ಸೆರಗು ಹಿಡ್ಕೊಂಡು" ಅಂತ ಇದೆ. ಅಕ್ಷರ ನಮ್ಮತ್ತೆಯದು. ಹಗಲೆಲ್ಲ ಮಗುವನ್ನು ನೋಡುವವರು ಅವರು, ಮೊದಲ ಹೆಜ್ಜೆ ಕಂಡವರೂ ಅವರೇ. ನನಗೆ ಅದರಲ್ಲಿ ಬೇಜಾರಿಲ್ಲ. ಇದನ್ನೆಲ್ಲ ಬರೆದಿಡಲು ಅವರಿಗೆ ಫೋನಿನ ಆ್ಯಪ್ ಕಲಿಸುವ ಕೆಲಸವೂ ತಪ್ಪಿತು. ಉಡುಗೊರೆ ಬಂದ ಚೆಂದದ ಬೇಬಿ ಬುಕ್ ಬೀರುವಿನಲ್ಲಿ ಭದ್ರವಾಗಿದೆ. ಅದನ್ನು ತುಂಬಲು ಪುರುಸೊತ್ತು ಯಾರಿಗಿದೆ? ಒಂದೇ ಎಚ್ಚರ: ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರನ್ನು ಯಾರಾದರೂ ಪುಸ್ತಕಕ್ಕೆ ಬೈಂಡ್ ಹಾಕದಂತೆ ನೋಡಿಕೊಳ್ಳಿ.

ಏನೂ ಬರೆದಿಡದವರು ತಾಯಿ ಕಾರ್ಡ್ ತೆಗೆದು ನೋಡಿ. 6, 10, 14 ವಾರ, 9 ತಿಂಗಳು ಅಂತ ಲಸಿಕೆಯ ತಾರೀಖುಗಳು ಅದರಲ್ಲಿರುತ್ತವೆ. "ಈ ಇಂಜೆಕ್ಷನ್ನಿಗೆ ಹೋದಾಗ ತೆವಳ್ತಿದ್ದಳಾ?" ಅಂತ ಊಟದ ಹೊತ್ತಿಗೆ ಕೇಳಿ ನೋಡಿ, ಮನೆಯವರಿಗೆಲ್ಲ ಒಂದೊಂದೇ ನೆನಪಾಗುತ್ತದೆ, ಜಗಳವೂ ಆಗುತ್ತದೆ.

ಫೋಟೋ ಹೇಗೂ ಸಾವಿರ ಇರುತ್ತದೆ. ನನ್ನ ಕೇಳಿದರೆ, ದನಿ ಹಿಡಿದಿಡಿ. ನಮ್ಮವಳಿಗೆ 'ಕ' ಬರುತ್ತಿರಲಿಲ್ಲ. ಜಡಿಮಳೆಯಲ್ಲಿ ಅಂಗಳಕ್ಕೆ ಇಳಿಯುವ ಹಟ, "ಅಜ್ಜೀ, ತೊಡೆ ತೊಡು!" ಕೊಡೆ ಕೊಡು ಅಂತ. ಅತ್ತೆ ಬೇಕೆಂದೇ ತಮ್ಮ ತೊಡೆ ತೋರಿಸುವುದು, ಇವಳು ಸಿಟ್ಟಿನಿಂದ ಇನ್ನೂ ಜೋರಾಗಿ ಅದನ್ನೇ ಕೂಗುವುದು, ಹಿಂದೆ ಹೆಂಚಿನ ಮೇಲೆ ಮಳೆಯ ಸದ್ದು. ಫೋನಿನಲ್ಲಿ ಅರ್ಧ ನಿಮಿಷವೂ ಇಲ್ಲ. ಈಗ ಅವಳು ಸ್ಪಷ್ಟವಾಗಿ ಕೊಡೆ ಅನ್ನುತ್ತಾಳೆ, ಬೇಕೆಂದರೂ ಆ ಮಾತು ಮತ್ತೆ ಸಿಗುವುದಿಲ್ಲ.

ಇನ್ನು ನಮ್ಮ ಮಲೆನಾಡಿನ ಥಂಡಿ ಗೊತ್ತಲ್ವಾ, ಮಳೆಗಾಲಕ್ಕೆ ಆಲ್ಬಂ ಪುಟಗಳು ಅಂಟಿಕೊಂಡು ಬೂಷ್ಟು ಹಿಡಿಯುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಮತ್ತೆ, ಹೊಟ್ಟೆಯಲ್ಲಿದ್ದಾಗಿನ ಸ್ಕ್ಯಾನಿಂಗ್ ಚಿತ್ರವನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಅದು ಸಾಮಾನ್ಯವಾಗಿ ಥರ್ಮಲ್ ಕಾಗದ, ಬಿಸಿ ತಾಗಿದರೆ ಕಪ್ಪಾಗುತ್ತದೆ. ಮಾಸುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ, ಸಾಕು.