ಅವಳ ಆನೆ ಬಗ್ಗಲಿಲ್ಲ

29 ಸೆಪ್ಟೆಂಬರ್ 2024, ಭಾನುವಾರ
ಡೊಂಬಿವಲಿ

ಹನ್ನೊಂದು ಗಂಟೆಯಾದರೂ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಆ ಹುಡುಗಿಯ ಆನೆಯೇ ಕಾಣುತ್ತದೆ.

ಇವತ್ತು ಮಾಟುಂಗಾದಲ್ಲಿ ಚೆಸ್ ಟೀಮ್ ಟೂರ್ನಮೆಂಟ್. ರಿಪೇರಿಗೆ ಅಂತ ಲೋಕಲ್ ರೈಲು ತಡೆಯುವ ಭಾನುವಾರದ ಮೆಗಾ ಬ್ಲಾಕ್ ದಯೆಯಿಂದ ನಾನು ಹಾಲ್ ಮುಟ್ಟುವಷ್ಟರಲ್ಲಿ ನನ್ನ ಆಟದ ಗಡಿಯಾರದಲ್ಲಿ ಆರು ನಿಮಿಷ ಸುಮ್ನೆ ಕರಗಿತ್ತು. ತಂಡಕ್ಕೆ ನಾಲ್ಕು ಬೋರ್ಡು, ನನ್ನದು ನಾಲ್ಕನೆಯದು. ಎಲ್ಲರ ಬಾಯಲ್ಲೂ ಹೋದ ವಾರ ಮುಗಿದ ಬುಡಾಪೆಸ್ಟ್ ಒಲಿಂಪಿಯಾಡ್, ನಮ್ಮ ಹೆಂಗಸರ ಚಿನ್ನ. ಇಲ್ಲಿಯವರಿಗೆ ದಿವ್ಯಾ ದೇಶಮುಖ್ ಮನೆಮಗಳು, ನಾಗಪುರದವಳಲ್ವಾ. ನನಗೆ ಮಾತ್ರ ವಂತಿಕಾ ಅಗರವಾಲ್. ಅಮೆರಿಕದ ಎದುರು ತಂಡ ಸೋಲುವ ಹಾಗಿದ್ದಾಗ ಐರಿನಾ ಕ್ರಶ್ ಅವರನ್ನು ಸೋಲಿಸಿ 2-2 ಮಾಡಿದವಳು.

ನನಗೂ ಅದೇ ಸಂದರ್ಭ ಬರಬೇಕೇ! ಉಳಿದ ಮೂರು ಬೋರ್ಡು ಮುಗಿದು ನಾವು 1-2. ನನಗೆ ಒಂದು ಕಾಲಾಳು ಜಾಸ್ತಿ. ಎದುರಿಗೆ ಒಂಬತ್ತನೇ ಕ್ಲಾಸಿನ ಹುಡುಗಿ, ಎರಡು ಜಡೆ, ತಲೆ ಎತ್ತಿ ನೋಡುವುದೇ ಇಲ್ಲ. ಬೇಗ ಮುಗಿಸೋಣ ಅಂತ ಕುದುರೆಗೆ ಕುದುರೆ ಹೊಡೆದೆ. ಕೊನೆಗೆ ಉಳಿದದ್ದು ಇಬ್ಬರು ರಾಜರು, ಒಂದೊಂದು ಆನೆ, ನನ್ನ ಒಂಟಿ ಕಾಲಾಳು. ಗೆದ್ದೆ ಅಂದುಕೊಂಡೆ.

ಅವಳು ರಾಜನನ್ನು ನನ್ನ ಕಾಲಾಳಿನ ದಾರಿಗೆ ಅಡ್ಡ ಕೂರಿಸಿದಳು. ಆನೆಯನ್ನು ಅವಳ ಕಡೆಯಿಂದ ಮೂರನೇ ಸಾಲಿಗೆ ತಂದಳು. ಇನ್ನು ನನ್ನ ರಾಜ ಆ ಸಾಲಿಗೆ ಕಾಲಿಡುವಂತಿಲ್ಲ. ನಾನು ಆ ಕಡೆ ಈ ಕಡೆ ಇಪ್ಪತ್ತು ನಡೆ ಸುತ್ತಾಡಿದೆ, ಅವಳು ಆನೆಯನ್ನು ಅದೇ ಸಾಲಿನಲ್ಲಿ ಒಂದೊಂದು ಮನೆ ಸರಿಸುತ್ತಾ ಆರಾಮಾಗಿ ನೀರು ಕುಡಿಯುತ್ತಿದ್ದಳು. ತಾಳ್ಮೆ ಹೋಗಿ ಕಾಲಾಳನ್ನು ಆ ಸಾಲಿಗೆ ನೂಕಿದೆ. ಅದಕ್ಕೇ ಕಾಯುತ್ತಿದ್ದಳು. ಆನೆ ಸರ್ರನೆ ಬೋರ್ಡಿನ ನನ್ನ ತುದಿಗೆ ಬಂತು, ಹಿಂದಿನಿಂದ ಚೆಕ್ ಮೇಲೆ ಚೆಕ್. ನನ್ನ ರಾಜನಿಗೆ ಮರೆಯಾಗಲು ಜಾಗವೇ ಇಲ್ಲ, ಮರೆಯಾಗಬೇಕಿದ್ದ ಮನೆಗೆ ಕಾಲಾಳನ್ನು ನಾನೇ ನೂಕಿದ್ದೆನಲ್ಲ.

ಫ್ರಾನ್ಸಿನ ಚೆಸ್ ಆಟಗಾರ ಫಿಲಿಡೋರ್ ಹದಿನೆಂಟನೇ ಶತಮಾನದಲ್ಲೇ ತೋರಿಸಿಕೊಟ್ಟ ಉಪಾಯ ಇದು. ಪುಣ್ಯಾತ್ಮ ಆಪೆರಾ ಸಂಗೀತವನ್ನೂ ಬರೆಯುತ್ತಿದ್ದ, ಅಷ್ಟಕ್ಕೇ ಇರಬಾರದಿತ್ತಾ! ನನಗೂ ಗೊತ್ತಿತ್ತು. ಮಗುವಿಗೆ ಗೊತ್ತಿರುವುದಿಲ್ಲ ಅಂದುಕೊಂಡಿದ್ದೆ, ಅಷ್ಟೇ.

ಚೆಕ್ ನಿಲ್ಲುವುದೇ ಇಲ್ಲ, ಹಾಗಾಗಿ ಡ್ರಾ. ನಾವು 1.5-2.5.

ಕೈ ಕುಲುಕುವಾಗ ಹಿಂದಿನಿಂದ ಅವಳ ಅಮ್ಮನ ದನಿ: "ಬಾರೇ ಪುಟ್ಟಿ, ಹಸಿವಾಗಲ್ವಾ?" ಕನ್ನಡ! ನಾನು ಆಟದುದ್ದಕ್ಕೂ "ಅಯ್ಯೋ ರಾಮಾ" ಅಂತ ಗೊಣಗಿದ್ದೆಲ್ಲ ಅವಳಿಗೆ ಅರ್ಥವಾಗಿರಬೇಕು.

ಇಡ್ಲಿ ತಿನ್ನುವಾಗ ನಮ್ಮ ಕ್ಯಾಪ್ಟನ್ ಮೆಲ್ಲಗೆ ಕೇಳಿದರು, "ಅಕ್ಕಾ, ಆ ಕುದುರೆ ಯಾಕೆ ಹೊಡೆದಿರಿ?"

ಇನ್ನೊಂದು ಸ್ವಲ್ಪ ಸಾಂಬಾರ್ ಹಾಕಿಸಿಕೊಂಡೆ.