ಸುವಾರ್ತೆ ಸಾರುವುದು ಪಾಸ್ಟರರ ಕೆಲಸವಲ್ಲವೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಆರಾಧನೆ ಮುಗಿದ ಮೇಲೆ, ಬೈಬಲ್ ಅಧ್ಯಯನದ ಗುಂಪಿನಲ್ಲಿ, ಕೆಲವೊಮ್ಮೆ ಫೋನಿನಲ್ಲಿಯೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿಲ್ಲ, ನಾಲ್ಕು ಜನರ ಮುಂದೆ ಮಾತನಾಡುವ ಧೈರ್ಯವೂ ಇಲ್ಲ. ಹೀಗಿದ್ದರೂ ದಿನನಿತ್ಯ ಸುವಾರ್ತೆ ಹಂಚಿಕೊಳ್ಳುವ ಹೊಣೆ ನನ್ನ ಮೇಲಿದೆಯೇ? ಒಳ್ಳೆಯ ರೀತಿಯಲ್ಲಿ ಬಾಳಿದರೆ ಸಾಲದೇ?" ಹೊಣೆ ಇದೆ ಎಂದೇ ನಾನು ಹೇಳುತ್ತೇನೆ. ಆದರೆ ಕೇಳುವವರು ಹೆದರುತ್ತಿರುವುದು ಬಹುಮಟ್ಟಿಗೆ ಬೇರೆಯೇ ಒಂದು ಕೆಲಸಕ್ಕೆ. ಅದನ್ನು ಅವರಿಗೆ ಯಾರೂ ವಹಿಸಿಲ್ಲ.

ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೆಯ ಅಧ್ಯಾಯದ ಎರಡು ವಚನಗಳನ್ನು ಜೋಡಿಸಿ ಓದಬೇಕು. ನಂಬಿಕೆಗಾಗಿ ಕಲ್ಲೆಸೆತಕ್ಕೆ ಗುರಿಯಾದ ಸ್ತೆಫನನ ಮರಣದ ನಂತರ ಯೆರೂಸಲೇಮಿನ ಸಭೆಗೆ ಹಿಂಸೆ ಬಂದಾಗ ಅಪೊಸ್ತಲರ ಹೊರತು ಉಳಿದವರೆಲ್ಲರೂ ಯೂದಾಯ, ಸಮಾರ್ಯ ಸೀಮೆಗಳಿಗೆ ಚದುರಿಹೋದರೆಂದು ಮೊದಲನೆಯ ವಚನ ಹೇಳುತ್ತದೆ. ಚದುರಿದವರು ವಾಕ್ಯವನ್ನು ಸಾರುತ್ತಾ ಹೋದರೆಂದು ನಾಲ್ಕನೆಯ ವಚನ ಹೇಳುತ್ತದೆ. ಅಂದರೆ ಯಾರನ್ನು ನಾವು ಅಧಿಕೃತ ಬೋಧಕರೆಂದು ಎಣಿಸುತ್ತೇವೆಯೋ ಅವರು ಊರಿನಲ್ಲೇ ಉಳಿದರು. ಮನೆಮಠ ಬಿಟ್ಟು ಓಡಬೇಕಾಗಿ ಬಂದ ಸಾಮಾನ್ಯ ಜನರು ಹೋದಲ್ಲೆಲ್ಲ ಮಾತನಾಡಿದರು. 11ನೆಯ ಅಧ್ಯಾಯದಲ್ಲಿ ಇವರಲ್ಲೇ ಕೆಲವರು ಅಂತಿಯೋಕ್ಯಕ್ಕೆ ಬಂದು, ಚದುರಿದವರಲ್ಲಿ ಉಳಿದವರು ಯೆಹೂದ್ಯರಿಗೆ ಮಾತ್ರ ಹೇಳುತ್ತಿದ್ದ ಮಾತನ್ನು ಗ್ರೀಕರಿಗೂ ತಿಳಿಸುತ್ತಾರೆ. ಅವರು ಕುಪ್ರ (ಸೈಪ್ರಸ್) ಮತ್ತು ಕುರೇನೆಯವರೆಂದಷ್ಟೇ ಈ ಪುಸ್ತಕದ ಲೇಖಕ ಲೂಕನು ಬರೆದಿದ್ದಾನೆ, ಒಬ್ಬರ ಹೆಸರನ್ನೂ ಕೊಟ್ಟಿಲ್ಲ. ಯೆರೂಸಲೇಮಿನ ಸಭೆ ಕಳುಹಿಸಿದ ಬಾರ್ನಬನು ಆಮೇಲೆ ಬಂದನು, ಪೌಲನನ್ನು ಅವನು ಇನ್ನೂ ಆಮೇಲೆ ಕರೆತಂದನು. ಪೌಲನು ಪ್ರಯಾಣ ಹೊರಟದ್ದು ಹೆಸರಿಲ್ಲದ ಈ ಜನ ಹುಟ್ಟುಹಾಕಿದ ಸಭೆಯಿಂದಲೇ ಎಂಬುದನ್ನು ನಾವು ಮರೆಯುತ್ತೇವೆ.

ವಿರೋಧಿಗಳ ಕಣ್ಣಿಗೂ ಇದು ಬಿದ್ದಿತ್ತು. ಎರಡನೆಯ ಶತಮಾನದಲ್ಲಿ ಕ್ರೈಸ್ತ ಮತವನ್ನು ಖಂಡಿಸಿ ಬರೆದ ಸೆಲ್ಸಸ್ ಎಂಬ ಗ್ರೀಕ್ ಚಿಂತಕನ ದೂರುಗಳಲ್ಲಿ ಒಂದು ಹೀಗಿದೆ: ಉಣ್ಣೆಯ ಕೆಲಸದವರು, ಪಾದರಕ್ಷೆ ಹೊಲಿಯುವವರು, ಬಟ್ಟೆ ಒಗೆಯುವವರು, ಓದುಬರಹ ತಿಳಿಯದವರು ಮನೆಗಳೊಳಗೆ ಹೆಂಗಸರು ಮಕ್ಕಳೊಡನೆ ಈ ವಿಷಯ ಮಾತನಾಡುತ್ತಾರೆ, ವಿದ್ಯಾವಂತರ ಎದುರು ಮಾತ್ರ ಬಾಯಿ ಬಿಡುವುದಿಲ್ಲ. ಮೂರನೆಯ ಶತಮಾನದಲ್ಲಿ ಒರಿಗೇನನೆಂಬ ಕ್ರೈಸ್ತ ವಿದ್ವಾಂಸನು ಉತ್ತರ ಬರೆಯುವಾಗ ಉದ್ಧರಿಸಿದ್ದರಿಂದ ಈ ಬೈಗುಳ ನಮಗೆ ಉಳಿದಿದೆ. ಅದು ತಾತ್ಸಾರದ ಮಾತು, ಉತ್ಪ್ರೇಕ್ಷೆಯೂ ಇದ್ದೀತು. ಆದರೆ ನಂಬಿಕೆ ಯಾರ ಬಾಯಿಂದ ಯಾರ ಕಿವಿಗೆ ಹರಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ಸ್ನೇಹಿತರು ಕೊಡಲಾರರು.

ಸುವಾರ್ತಿಕರ ವರ ಕೆಲವರಿಗೆ ಮಾತ್ರ ಎಂದು ಎಫೆಸದವರಿಗೆ ಬರೆದ ಪತ್ರಿಕೆಯನ್ನು ತೋರಿಸುವವರಿದ್ದಾರೆ. ನಿಜವೇ. ಆದರೆ ಆ ಮಾತು ಅಲ್ಲಿಗೇ ನಿಲ್ಲುವುದಿಲ್ಲ; ಆ ಕೆಲವರನ್ನು ಕೊಟ್ಟದ್ದು ದೇವಜನರೆಲ್ಲರನ್ನು ಸೇವೆಗೆ ಸಜ್ಜುಗೊಳಿಸಲಿಕ್ಕೆಂದು ಮುಂದಿನ ವಚನದಲ್ಲೇ ಇದೆ.

ಹಾಗಾದರೆ ಸಾಮಾನ್ಯ ವಿಶ್ವಾಸಿ ಮಾಡಬೇಕಾದದ್ದು ಏನು? ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದ ಹುಟ್ಟುಕುರುಡನನ್ನು ನೋಡಿ. ಅವನನ್ನು ವಿಚಾರಣೆಗೆ ಕರೆದವರು ಯೇಸು ಪಾಪಿಯೇ ಅಲ್ಲವೇ ಎಂದು ದೇವಶಾಸ್ತ್ರದ ಪ್ರಶ್ನೆಯನ್ನೇ ಹಾಕುತ್ತಾರೆ. ಅದು ತನಗೆ ತಿಳಿಯದು ಎನ್ನುತ್ತಾನೆ. ತಾನು ಕುರುಡನಾಗಿದ್ದೆ, ಈಗ ಕಣ್ಣು ಕಾಣುತ್ತದೆ, ಇದೊಂದು ತಿಳಿದಿದೆ ಎನ್ನುತ್ತಾನೆ. ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಂಡು, ತಿಳಿದದ್ದನ್ನು ಬಿಟ್ಟುಕೊಡದೆ ನಿಂತ ಆ ಉತ್ತರಕ್ಕೆ ವಿಚಾರಣೆ ಮಾಡಿದವರಲ್ಲಿ ಮರುಮಾತಿರಲಿಲ್ಲ, ಬೈದು ಹೊರಗೆ ಹಾಕಿದರು. ಅದೇ ಸುವಾರ್ತೆಯಲ್ಲಿ ಬಾವಿಯ ಬಳಿ ಯೇಸುವನ್ನು ಕಂಡ ಸಮಾರ್ಯದ ಸ್ತ್ರೀಯಂತೂ ತನ್ನ ಊರಿನವರಿಗೆ ಸಿದ್ಧಾಂತವನ್ನೇ ಹೇಳಲಿಲ್ಲ. ಬಂದು ನೋಡಿ ಎಂದಳು, ಆತನು ಕ್ರಿಸ್ತನಾಗಿರಬಹುದೇ ಎಂದು ಅವರನ್ನೇ ಕೇಳಿದಳು. ಸಾಕ್ಷಿ ಎಂಬುದು ಇಷ್ಟೇ. ನ್ಯಾಯಾಲಯದಲ್ಲಿಯೂ ಸಾಕ್ಷಿದಾರನು ವಕೀಲನಂತೆ ವಾದ ಮಂಡಿಸಬೇಕಿಲ್ಲ.

"ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ" ಎಂಬ ಅರ್ಥದಲ್ಲಿ ಪೇತ್ರನು ಬರೆಯುತ್ತಾನೆ. ಅದನ್ನು ಸಾತ್ವಿಕತೆಯಿಂದಲೂ ಗೌರವದಿಂದಲೂ ಹೇಳಬೇಕೆಂದು ಜೊತೆಗೇ ಸೇರಿಸುತ್ತಾನೆ. ಪ್ರಶ್ನೆಯಲ್ಲಿದ್ದ ದಿನನಿತ್ಯ ಎಂಬುದನ್ನು ನಾನು ಅರ್ಥಮಾಡಿಕೊಳ್ಳುವುದು ಹೀಗೆಯೇ: ದಿನಕ್ಕೊಂದು ಪ್ರಸಂಗ ಮಾಡಬೇಕೆಂದಲ್ಲ, ದಿನವೂ ಸಿದ್ಧರಾಗಿರಬೇಕು. ನಾವು ಹೆಚ್ಚಾಗಿ ಸೋಲುವುದೂ ಇಲ್ಲಿಯೇ. ಮನೆಯಲ್ಲಿ ದೀರ್ಘಕಾಲದ ಕಾಯಿಲೆಯನ್ನು ಇಟ್ಟುಕೊಂಡೂ ಕೆಲಸಕ್ಕೆ ಬರುತ್ತಿರುವ ಒಬ್ಬರನ್ನು ಪಕ್ಕದ ಮೇಜಿನವರು, "ಇಷ್ಟೆಲ್ಲ ಇದ್ದರೂ ನೀವು ಸಮಾಧಾನವಾಗಿ ಹೇಗಿರುತ್ತೀರಿ?" ಎಂದು ಕೇಳುತ್ತಾರೆ. ಕೇಳಿದವರು ನಿಜವಾಗಿಯೇ ಕೇಳಿದ್ದಾರೆ, ಕೈಯಲ್ಲಿದ್ದ ಕೆಲಸವನ್ನೂ ನಿಲ್ಲಿಸಿದ್ದಾರೆ. ನಮ್ಮವರು "ಏನೋ, ನಡೀತಾ ಇದೆ" ಎಂದು ನಕ್ಕು ಮಾತು ತೇಲಿಸಿಬಿಡುತ್ತಾರೆ. "ರಾತ್ರಿ ನಿದ್ದೆ ಬಾರದಾಗ ಪ್ರಾರ್ಥಿಸುತ್ತೇನೆ, ಯೇಸು ನನ್ನನ್ನು ಕೈಬಿಟ್ಟಿಲ್ಲವೆಂಬ ನಂಬಿಕೆಯೇ ನನ್ನನ್ನು ಎತ್ತಿಹಿಡಿದಿದೆ" ಎಂದು ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷವನ್ನು ನುಂಗಿಕೊಂಡು, ಅಪರಿಚಿತರಿಗೆ ಕರಪತ್ರ ಹಂಚಲಾಗಲಿಲ್ಲವಲ್ಲ ಎಂದು ಕೊರಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಬದುಕೇ ಸಾಕು, ಮಾತು ಬೇಕಿಲ್ಲ ಎನ್ನುವವರು ಅಸಿಸಿಯ ಫ್ರಾನ್ಸಿಸ್‌ನ ಹೆಸರನ್ನು ಮುಂದಿಡುತ್ತಾರೆ: ಸುವಾರ್ತೆ ಸಾರಿರಿ, ಅಗತ್ಯವಿದ್ದರೆ ಮಾತನ್ನೂ ಬಳಸಿರಿ ಎಂದು ಅವನು ಹೇಳಿದನಂತೆ. ಅವನ ಬರಹಗಳಲ್ಲಿ ಆ ವಾಕ್ಯ ಎಲ್ಲಿಯೂ ಇಲ್ಲ. ತನ್ನ ಸನ್ಯಾಸಿ ಸಹೋದರರಿಗಾಗಿ ಅವನು ಬರೆದ 1221ರ ನಿಯಮಾವಳಿಯಲ್ಲಿ ಸಹೋದರರೆಲ್ಲರೂ ತಮ್ಮ ಕ್ರಿಯೆಗಳಿಂದ ಬೋಧಿಸಲಿ ಎಂಬ ಮಾತಿದೆ. ಆದರೆ ಅನ್ಯಧರ್ಮೀಯರ ನಡುವೆ ಹೋಗುವವರ ಕುರಿತು ಅದೇ ನಿಯಮಾವಳಿ ಎರಡು ದಾರಿಗಳನ್ನು ಹೇಳುತ್ತದೆ. ಜಗಳ ವಾದಗಳಿಗೆ ಇಳಿಯದೆ, ಎಲ್ಲರಿಗೂ ಅಧೀನರಾಗಿ ಬಾಳುತ್ತಾ, ತಾವು ಕ್ರೈಸ್ತರೆಂದು ಒಪ್ಪಿಕೊಳ್ಳುವುದು ಒಂದು. ದೇವರಿಗೆ ಮೆಚ್ಚಿಗೆಯೆಂದು ಕಂಡಾಗ ವಾಕ್ಯವನ್ನು ಸಾರುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿಯೂ ಪೂರ್ಣ ಮೌನಕ್ಕೆ ಜಾಗವಿಲ್ಲ. ಒಳ್ಳೆಯತನವನ್ನು ಮಾತ್ರ ಕಂಡವರು ನಮ್ಮನ್ನು ಹೊಗಳಿ ಮುಂದೆ ಹೋಗಬಹುದು. ಆ ಒಳ್ಳೆಯತನದ ಹಿಂದೆ ಯಾರಿದ್ದಾರೆಂದು ಅವರಿಗೆ ಹೇಗೆ ತಿಳಿಯಬೇಕು?

ಮಾತಿಗೆ ಎಲ್ಲೆಯೂ ಉಂಟು, ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಕೈಕೆಳಗೆ ದುಡಿಯುವವರು, ನಮ್ಮಿಂದ ಸಾಲ ಪಡೆದವರು, ನಮ್ಮ ಆರೈಕೆಯಲ್ಲಿ ಮಲಗಿರುವವರು ನಮ್ಮ ಮಾತಿಗೆ ಬೇಡವೆನ್ನುವ ಸ್ಥಿತಿಯಲ್ಲಿರುವುದಿಲ್ಲ. ಅಲ್ಲಿ ಅವರಾಗಿ ಕೇಳುವವರೆಗೆ ಸುಮ್ಮನಿರುವುದೇ ಗೌರವ. ಸಹಾಯವನ್ನು ಆಮಿಷವಾಗಿಸುವುದೂ, ಇನ್ನೊಬ್ಬರ ಪೂಜ್ಯ ಭಾವನೆಗಳನ್ನು ಹಳಿಯುವುದೂ ಸಾಕ್ಷಿಯಲ್ಲ. ಕುಯುಕ್ತಿಯನ್ನು ಬಿಟ್ಟುಬಿಟ್ಟಿದ್ದೇವೆಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ.

ಹೇಳಿದ ಮೇಲೆ ಅವರು ಒಪ್ಪದಿದ್ದರೆ ಎಂಬ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ತಾನು ಸಸಿಯನ್ನು ನೆಟ್ಟೆನು, ಅಪೊಲ್ಲೋಸನು ನೀರು ಹೊಯ್ದನು, ಬೆಳೆಸಿದವನು ದೇವರು ಎಂದು ಪೌಲನು ಬರೆಯುತ್ತಾನೆ. ಬೆಳೆಸುವುದು ನಮ್ಮ ಪಾಲಿನ ಕೆಲಸವಲ್ಲದ ಮೇಲೆ, ಒಪ್ಪದವರ ಮೇಲೆ ಮುನಿಸಿಕೊಳ್ಳಲು ಕಾರಣವಿಲ್ಲ. ಮರುದಿನ ಅವರ ಕ್ಷೇಮಸಮಾಚಾರವನ್ನು ಹಿಂದಿನಂತೆಯೇ ವಿಚಾರಿಸಬೇಕು, ಅವರ ಹೆಸರನ್ನು ಪ್ರಾರ್ಥನೆಯಿಂದ ತೆಗೆದುಹಾಕಬಾರದು, ಮತ್ತು ಆ ವಿಷಯವನ್ನು ಅವರೇ ಎತ್ತುವವರೆಗೆ ಬಿಟ್ಟುಬಿಡಬಹುದು.